ಸಂಜೆಯ ಮಾತ್ರೆ

ಕಾನಹೊಸಹಳ್ಳಿ
ಭಾನುವಾರ, 13 ಜುಲೈ 2025, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ತಂಗಿ ಶಾಂತಕುಮಾರಿಯ ನಮಸ್ಕಾರಗಳು.

ಹೇಗಿದ್ದೀಯ? ಜ್ವರ ಸಂಜೆಗೆ ಮಾತ್ರ ಏರುತ್ತದೆಯೋ, ಈಗ ಹಗಲಿಗೂ ಬರತೊಡಗಿದೆಯೋ? ಆಕ್ಸಿಜನ್ ಮಾಸ್ಕನ್ನು ಪದೇ ಪದೇ ಕಿತ್ತು ಹಾಕುತ್ತೀಯಂತೆ, ಹಾಗೆ ಮಾಡಬೇಡ. ನಿನ್ನ ಮಗ ಭೀಮೇಶನನ್ನು ಕೇಳಿದರೆ "ಆರಾಮ ಅದಾಳ ಬಿಡು ಚಿಗವ್ವ" ಎನ್ನುತ್ತಾನೆ. ಅವನ ಮುಖ ನೋಡಿದರೆ ಆರಾಮ ಎಲ್ಲೂ ಕಾಣುವುದಿಲ್ಲ. ನಿನ್ನೆ ರಾತ್ರಿ ಬಂದವನು ಅರ್ಧ ರೊಟ್ಟಿ ತಿಂದು ಮಲಗಿದ, ಇನ್ನೂ ಎದ್ದಿಲ್ಲ. ಇವತ್ತು ನಿನ್ನ ಹತ್ತಿರ ಸೊಸೆ ಸಂಘಮಿತ್ರಾ ಇದ್ದಾಳಲ್ಲ, ಅವಳು ಸಣ್ಣವಳು ಎಂದು ಹೆದರಿಸಬೇಡ. ಬಳ್ಳಾರಿ ಆಸ್ಪತ್ರೆಯ ಗಂಜಿಗೆ ಉಪ್ಪಿಲ್ಲವೆಂದು ನರ್ಸಮ್ಮನ ಮೇಲೆ ರೇಗಿದೆಯಂತೆ. ರೇಗುವಷ್ಟು ಶಕ್ತಿ ಉಳಿದಿದೆಯಲ್ಲ ಎಂದು ಕೇಳಿ ನನಗೆ ಸಮಾಧಾನವಾಯಿತು. ಭೀಮೇಶನ ಕೈಯಲ್ಲಿ ಗುರೆಳ್ಳು ಚಟ್ನಿಪುಡಿ ಕಳಿಸುತ್ತಿದ್ದೇನೆ. ಕೆಮ್ಮು ಕೆರಳೀತೆಂದು ಖಾರ ಕಡಿಮೆ ಹಾಕಿಸಿದ್ದೇನೆ. ಸಪ್ಪೆ ಎಂದು ಬೈಯಬೇಡ.

ಮನೆಮನೆಗೂ ಫೋನಿರುವ ಕಾಲದಲ್ಲಿ ಇವಳೇಕೆ ಕಾಗದ ಬರೆಯುತ್ತಾಳೆ ಎಂದುಕೊಳ್ಳುತ್ತೀಯ. ಫೋನ್ ಮಾಡಿದರೆ ಭೀಮೇಶ ಸ್ಪೀಕರ್ ಹಾಕಿ ನಿನ್ನ ಕಿವಿಗೆ ಹಿಡಿಯುತ್ತಾನೆ, ಪಕ್ಕದ ಮಂಚದವರೂ ಕೇಳಿ ತಲೆದೂಗುತ್ತಾರೆ. ನಾವಿಬ್ಬರೇ ಆಡಬೇಕಾದ ಮಾತೊಂದಿದೆ. ಸಂಜೆಯ ಮಾತ್ರೆಯ ಮಾತು. ನಿನ್ನ ಎಲೆಅಡಿಕೆ ಸಂಚಿಯಲ್ಲಿ ನಾನೇ ಕಟ್ಟಿ ಕಳಿಸಿದ ಹದಿನೈದರಲ್ಲಿ ಇನ್ನು ನಾಲ್ಕು ಉಳಿದಿರಬೇಕು. ಮಿಕ್ಕ ಹನ್ನೊಂದನ್ನು ನೀನು ದಿನಕ್ಕೊಂದರಂತೆ ಯಾರೂ ನೋಡದಾಗ ನುಂಗಿದ್ದೀಯ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಬಳ್ಳಾರಿಯ ಡಾಕ್ಟರು ಬೇರೆ ಏನಾದರೂ ಔಷಧಿ ತೆಗೆದುಕೊಂಡಿದ್ದೀರಾ ಎಂದು ಕೇಳಿದಾಗಲೆಲ್ಲ ತಲೆ ಅಲ್ಲಾಡಿಸಿ ಇಲ್ಲವೆನ್ನುತ್ತೀಯಂತೆ. ಅದು ನನ್ನ ಸಲುವಾಗಿ ಎಂದು ನನಗೆ ಗೊತ್ತು. ನನ್ನ ಬಾಯಿಗೂ ಆಣೆ ಹಾಕಿ ಹೋಗಿದ್ದೀಯ. ಆ ಆಣೆಯನ್ನು ಬಿಡಿಸು ಎಂದು ಕೇಳಲು ಈ ಕಾಗದ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ನಿಧಾನವಾಗಿ ನೀನೇ ಓದು. ನಲವತ್ತು ದಾಟಿದ ಮೇಲೆ ನಿನಗೆ ಸ್ಲೇಟು ಹಿಡಿಸಿದ್ದು ಇವತ್ತು ಉಪಯೋಗಕ್ಕೆ ಬಂತು. ಓದಲೆಂದು ಭೀಮೇಶನ ಕೈಗೆ ಕೊಡಬೇಡ.

ನಾನೇ ಬಂದು ಕಿವಿಯಲ್ಲಿ ಹೇಳುತ್ತಿದ್ದೆ. ಆದರೆ ಕೂಡ್ಲಿಗಿಯಿಂದ ಸ್ಕೂಟಿಯಲ್ಲಿ ಬರುತ್ತಾಳಲ್ಲ, ನಮ್ಮ ಮಾತ್ರೆ ಸಂಶೋಧನೆಯ ನರ್ಸ್ ಸಮತಾ, ಅವಳು ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ಈ ಮಾತ್ರೆ ತಿನ್ನುವವರು ಟಿ.ಬಿ. ವಾರ್ಡಿನ ಹತ್ತಿರ ಸುಳಿಯಲೇಬಾರದಂತೆ. ನಿನಗೆ ಹೀಗಾಯಿತೆಂದು ತಿಳಿದ ಮರುದಿನವೇ ನನ್ನ ರಕ್ತ ತೆಗೆದು, ಎಕ್ಸ್‌ರೇ ಮಾಡಿಸಿದಳು. ನನಗೆ ಸದ್ಯಕ್ಕೆ ಏನೂ ಇಲ್ಲವಂತೆ. ಹಾಗಾಗಿ ನಿನ್ನನ್ನು ನೋಡಲು ಊರಲ್ಲಿ ಯಾರು ಬೇಕಾದರೂ ಬರಬಹುದು, ನಾನೊಬ್ಬಳು ಬರುವ ಹಾಗಿಲ್ಲ.

ಮನೆಯ ಸುದ್ದಿ ಏನು ಹೇಳಲಿ. ಹನ್ನೆರಡು ವರ್ಷದಿಂದ ನಿನ್ನ ಗೊರಕೆಗೆ ಶಾಪ ಹಾಕುತ್ತಿದ್ದೆ, ಈಗ ಹೆದ್ದಾರಿಯ ಲಾರಿಗಳ ಸದ್ದು ಎಷ್ಟು ದೊಡ್ಡದೆಂದು ಗೊತ್ತಾಗುತ್ತಿದೆ. ಮನುಷ್ಯರ ಧ್ವನಿ ಇರಲಿ ಎಂದು ದಿನವಿಡೀ ಟಿ.ವಿ. ಹಚ್ಚಿರುತ್ತೇನೆ. ನಿನ್ನ ಧಾರಾವಾಹಿಯ ಆ ಕೆಟ್ಟ ಅತ್ತೆ ಮೆಟ್ಟಿಲಿಂದ ಬಿದ್ದಳು. ನಿನಗೆ ಖುಷಿಯಾಗುತ್ತದೆಂದು ತಿರುಗಿ ಹೇಳಲು ಹೋದೆ, ಮಂಚ ಖಾಲಿ ಇತ್ತು. ಆಶಾ ಕಾರ್ಯಕರ್ತೆ ಬಂದು ನಮ್ಮ ಮನೆಯ ಹೆಸರು ಬರೆದುಕೊಂಡು ಹೋದ ದಿನದಿಂದ ಕಟ್ಟೆಗೆ ಯಾರೂ ಬಂದು ಕೂರುವುದಿಲ್ಲ. ಪಕ್ಕದ ಮನೆ ಹನುಮಣ್ಣನ ಹೆಂಡತಿ ದ್ಯಾಮಕ್ಕ ರೊಟ್ಟಿ ತಂದು ಹೊಸ್ತಿಲ ಹೊರಗೆ ಇಟ್ಟು, "ಟೀಚರ್, ರೊಟ್ಟಿ ಇಟ್ಟೀನ್ರೀ" ಎಂದು ಕೂಗಿ, ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವಳ ಮನೆ ಸೇರಿರುತ್ತಾಳೆ. ಅವಳ ಮೂರೂ ಮಕ್ಕಳನ್ನು ಅಂಗನವಾಡಿಯಲ್ಲಿ ಮೂಗು ಒರೆಸಿ ಬೆಳೆಸಿದವಳು ನಾನು. ಸಿಟ್ಟು ಬರುತ್ತದೆ, ಆಮೇಲೆ ರೊಟ್ಟಿಯನ್ನಾದರೂ ಇಡುತ್ತಾಳಲ್ಲ ಎಂದು ಸುಮ್ಮನಾಗುತ್ತೇನೆ. ಬೇಸರ ಎಂದರೆ ಸಣ್ಣ ಮಾತಾಯಿತು ಅಕ್ಕ. ನನಗೆ ನೀನಿಲ್ಲದೆ ಬಹಳ ಒಂಟಿತನವಾಗಿದೆ.

ಹಿಂದಿನದ್ದನ್ನೂ ಬರೆಯುತ್ತೇನೆ. ನಿನಗೆ ಗೊತ್ತಿರುವುದೇ, ಆದರೆ ತಲೆಯಲ್ಲೇ ಇಟ್ಟುಕೊಂಡರೆ ನನಗೆ ನಿದ್ದೆ ಬರುತ್ತಿಲ್ಲ. ಸಂಕ್ರಾಂತಿ ಕಳೆದ ವಾರ ನಾವಿಬ್ಬರೂ ಕೂಡ್ಲಿಗಿಗೆ ಹೋಗಿದ್ದೆವಲ್ಲ, ಕೀಲುಬೇನೆಯವರಿಗೆ ಹೊಸ ಮಾತ್ರೆ ಕೊಟ್ಟು ನೋಡುತ್ತಾರೆಂದು. ಇಬ್ಬರ ಕೈಗೂ ಒಂದೇ ರೋಗ. ಬೆಳಗ್ಗೆ ಎದ್ದರೆ ಬೆರಳು ಮಡಚಲು ಬಾರದು, ಗೆಣ್ಣು ಊದಿ ಕೆಂಪಗೆ ಬಿಸಿಯಾಗಿರುವುದು. ನೀನು ನನ್ನ ಕುಪ್ಪಸದ ಗುಂಡಿ ಹಾಕಲಾರದೆ, ನಾನು ನಿನ್ನದು ಹಾಕಲಾರದೆ ಇಬ್ಬರೂ ನಕ್ಕು ಆಮೇಲೆ ಅತ್ತ ದಿನಗಳಿದ್ದವು. ಅರುಣ್ ಕುಮಾರ್ ಡಾಕ್ಟರು ಇದು ಮೂಳೆ ಸವೆದದ್ದಲ್ಲ, ಉರಿಯೂತ ಎಂದರು. ನಾವು ಮುಖ ಮುಖ ನೋಡಿಕೊಂಡಾಗ ಸಮತಾ ಬಿಡಿಸಿ ಹೇಳಿದಳು. "ರೋಗ ಬರದಂಗ ಕಾಯಾಕ ನಮ್ ಮೈಯಾಗ ಕಾವಲುಗಾರ್ರು ಇರ್ತಾರ್ರಿ. ನಿಮ್ ಮೈಯಾಗ ಅವ್ರು ಕಳ್ಳರು ಯಾರು, ಮನಿಯವ್ರು ಯಾರು ತಿಳೀದ ನಿಮ್ ಕೀಲನ್ನ ಹೊಡಿಯಾಕ ಹತ್ಯಾರ. ಈ ಮಾತ್ರಿ ಅವ್ರನ್ನ ಸುಮ್ನ ಕುಂದ್ರಸತೈತಿ." ನೀನು ಬಿಡುತ್ತೀಯಾ? "ಎಲ್ಲಾರ್ನೂ ಕುಂದ್ರಿಸಿಬಿಟ್ರ ಖರೇ ಕಳ್ಳ ಬಂದಾಗ ಏಳೋರು ಯಾರವ್ವ?" ಎಂದೆ. ಇಡೀ ಕೋಣೆ ನಕ್ಕಿತು, ಡಾಕ್ಟರು ನಗಲಿಲ್ಲ. ಅದಕ್ಕೇ ಎಲ್ಲರ ರಕ್ತ ಪರೀಕ್ಷೆ ಮಾಡಿ ಆಮೇಲೆ ಸೇರಿಸಿಕೊಳ್ಳುತ್ತೇವೆ ಎಂದರು. ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ಬರೀ ಹಿಟ್ಟಿನ ಮಾತ್ರೆ, ಯಾರಿಗೆ ಯಾವುದೆಂದು ಸದ್ಯಕ್ಕೆ ತಮಗೂ ಗೊತ್ತಿರುವುದಿಲ್ಲ ಎಂದೂ ಹೇಳಿದರು.

ಎರಡು ವಾರ ಬಿಟ್ಟು ಹೋದಾಗ ನನ್ನ ಹೆಸರು ಸೇರಿತು, ನಿನ್ನದು ಸೇರಲಿಲ್ಲ. ನಿನ್ನನ್ನು ಒಬ್ಬಳನ್ನೇ ಒಳಗೆ ಕರೆದು ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದವಳು "ವಯಸ್ಸಾತಂತ, ಅರವತ್ತೈದರ ಮ್ಯಾಲ ಕೊಡಂಗಿಲ್ಲಂತ" ಎಂದು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ನಾನು ನಂಬಿದೆ. ಮನೆಗೆ ಬಂದ ಮೇಲೆ ನನ್ನ ಬುದ್ಧಿ ಸುಮ್ಮನಿರಲಿಲ್ಲ. ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿದವಳ ಬುದ್ಧಿ ಅದು. ಒಂಬತ್ತು ಮೊಟ್ಟೆ ಬಂದು ಹದಿನೆಂಟು ಮಕ್ಕಳು ಕೂತಿದ್ದರೆ, ಬೇಯಿಸಿದ ಮೊಟ್ಟೆಯನ್ನು ಹೊಲಿಗೆ ದಾರದಿಂದ ಎರಡು ಹೋಳು ಮಾಡಿ ಎಲ್ಲರ ತಟ್ಟೆಗೂ ಹಾಕಿ, ರಿಜಿಸ್ಟರಿನಲ್ಲಿ ಹದಿನೆಂಟು ಮಕ್ಕಳಿಗೂ ಮೊಟ್ಟೆ ಎಂದು ಬರೆದವಳು ನಾನು. ಮಕ್ಕಳ ಹೊಟ್ಟೆಗೂ ಅನ್ಯಾಯವಿಲ್ಲ, ರಿಜಿಸ್ಟರಿಗೂ ತೊಂದರೆಯಿಲ್ಲ ಎಂದೇ ನಂಬಿದ್ದೆ. ಬೆಳಗ್ಗೆ ಒಂದು, ಸಂಜೆ ಒಂದು ಎಂದು ಅವರು ಡಬ್ಬಿ ಕೊಟ್ಟರು. ಬೆಳಗಿನದನ್ನು ನಾನು ನುಂಗಿದೆ. ಸಂಜೆಯದನ್ನು ನಿನ್ನ ಅಂಗೈಯಲ್ಲಿಟ್ಟೆ. ನೀನು ಕೇಳಿರಲಿಲ್ಲ, ಇದನ್ನು ಯಾರು ಕೇಳಿದರೂ ಹೇಳುತ್ತೇನೆ. ಎರಡು ದಿನ ನೀನು "ಬ್ಯಾಡ ಶಾಂತಿ, ಅದು ನಿನಗ ಬರಕೊಟ್ಟದ್ದು" ಎಂದು ವಾಪಸ್ಸು ಇಟ್ಟೆ. ಮೂರನೆಯ ದಿನ ನಿನ್ನ ಕೈ ಅಷ್ಟು ಊದಿತ್ತು. ನಾನೇ ನಿನ್ನ ಬಾಯಿಗೆ ಹಾಕಿ ನೀರು ಕುಡಿಸಿದೆ.

ಮಾರ್ಚಿನ ಹೊತ್ತಿಗೆ ನಿನ್ನ ಬೆರಳು ಬಿಚ್ಚಿಕೊಂಡವು, ನನ್ನವೂ ತಕ್ಕಮಟ್ಟಿಗೆ ಬಿಚ್ಚಿಕೊಂಡವು. ಎರಡು ವರ್ಷದ ಮೇಲೆ ನೀನು ರೊಟ್ಟಿ ಬಡಿದೆ. ಮೊದಲನೆಯದು ಹರಿಯಿತು, ಎರಡನೆಯದು ಹರಿಯಿತು, ಮೂರನೆಯದು ಹಂಚಿನ ಮೇಲೆ ಉಬ್ಬಿದಾಗ ನೀನು ಮಕ್ಕಳ ಹಾಗೆ ಕೂಗಿಕೊಂಡೆ. ಆ ಎರಡು ತಿಂಗಳು ನಮ್ಮಷ್ಟು ಸುಖವಾಗಿದ್ದವರು ಈ ಹೋಬಳಿಯಲ್ಲೇ ಇರಲಿಲ್ಲ. ನನ್ನ ಡೈರಿಯಲ್ಲಿ ಮಾತ್ರ ಬೇರೆಯೇ ನಡೆಯುತ್ತಿತ್ತು. ಬೆಳಗ್ಗೆ ಕೈ ಸಡಿಲಾಗಲು ಎಷ್ಟು ನಿಮಿಷ, ನೋವು ಹತ್ತಕ್ಕೆ ಎಷ್ಟು, ಎರಡು ಹೊತ್ತೂ ಮಾತ್ರೆ ನುಂಗಿದಿರಾ, ಎಂದು ಮೂರು ಮನೆಗಳಿರುತ್ತಿದ್ದವಲ್ಲ, ಮೂರನೆಯದರಲ್ಲಿ ನಾನು ದಿನಾಲೂ ಎರಡು ಟಿಕ್ ಹಾಕಿದೆ. ಒಂದು ದಿನವೂ ತಪ್ಪಿಸಲಿಲ್ಲ, ಕಾಟು ಹೊಡೆಯಲಿಲ್ಲ. ಸಮತಾ ನೋಡಿ "ನಮ್ ಮುನ್ನೂರು ಮಂದ್ಯಾಗ ಇಂಥಾ ಡೈರಿ ಯಾರೂ ಬರಿಯಂಗಿಲ್ರೀ ಟೀಚರ್" ಎಂದಳು. ನಾನು ಹಿಗ್ಗಿದೆ. ಆ ಡೈರಿ ನೋಡಿಯೇ ಎಷ್ಟು ಮಾತ್ರೆಗೆ ಎಷ್ಟು ಗುಣ, ಎಷ್ಟು ಅಪಾಯ ಎಂದು ಮುಂದಿನವರಿಗೆ ಗೊತ್ತು ಮಾಡುತ್ತಾರೆಂಬುದು ಆಗ ನನ್ನ ತಲೆಗೇ ಹೋಗಲಿಲ್ಲ. ಎಲ್ಲೋ ಯಾವಳೋ ನಮ್ಮಂಥ ಹೆಂಗಸಿಗೆ ನನ್ನ ಸುಳ್ಳು ಟಿಕ್ಕಿನ ಮೇಲೆ ಮಾತ್ರೆ ಬರೆದುಕೊಟ್ಟರೆ ಏನು ಗತಿ?

ಮೇ ಕೊನೆಗೆ ನಿನಗೆ ಸಂಜೆ ಜ್ವರ ಶುರುವಾಯಿತು. ಬಿಸಿಲಿಗೆ ಎಂದೆವು. ಕೆಮ್ಮು ಬಂತು, ಧೂಳಿಗೆ ಎಂದೆವು. ಬಳೆ ಮೊಣಕೈವರೆಗೆ ಜಾರತೊಡಗಿದಾಗಲೂ ಬಾಟಲಿ ಔಷಧಿ ಕುಡಿಸುತ್ತಾ ಕೂತೆ. ಇದೇ ಎರಡನೇ ತಾರೀಖು ಭೀಮೇಶ ಬಂದು ನಿನ್ನನ್ನು ನೋಡಿದವನೇ ಗಾಡಿ ತಂದ. ಅವನು ಹೊರಗೆ ಹಾಸಿಗೆ ಇಡುತ್ತಿದ್ದಾಗ ನೀನು ನನ್ನ ಕೈ ಹಿಡಿದು "ನನ್ನ ಪಾಲು ಕೊಡು" ಎಂದೆ. ಕಟ್ಟಿಕೊಟ್ಟೆ. ನನ್ನ ಕೈಯನ್ನು ನಿನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಮಾಡಿಸಿದೆ. "ಯಾರ ಮುಂದೂ ಬಾಯಿ ಬಿಡಬ್ಯಾಡ. ನಿನ್ನ ಹೆಸ್ರು ಕಡೀತಾರ. ಕೈ ಮತ್ತ ಹಿಂದಿನಂಗ ಆದ್ರ, ನಾನೂ ಇಲ್ಲದಾಗ, ನಿನ್ನ ತಲಿ ಬಾಚೋರು ಯಾರು?" ಸಾಯುವ ಹಾಗೆ ಉಸಿರು ಎಳೆಯುತ್ತಿದ್ದವಳಿಗೆ ನನ್ನ ತಲೆಗೂದಲಿನ ಚಿಂತೆ. ಈಗಲೂ ನೆನೆಸಿಕೊಂಡರೆ ನಿನಗೆ ಎರಡು ಬಿಗಿಯಬೇಕು ಅನ್ನಿಸುತ್ತದೆ.

ಮೊನ್ನೆ ಗುರುವಾರ ಆಧಾರ್ ಕಾರ್ಡಿನ ಜೆರಾಕ್ಸ್ ಬೇಕೆಂದು ಭೀಮೇಶ ಫೋನ್ ಮಾಡಿದ. ನಿನ್ನ ಟ್ರಂಕು ತೆಗೆದೆ. ಸೀರೆಯ ಮಡಿಕೆಯಲ್ಲಿ ಕೂಡ್ಲಿಗಿಯ ಕಾಗದ ಸಿಕ್ಕಿತು. ನಿನ್ನನ್ನು ಬಿಟ್ಟದ್ದು ವಯಸ್ಸಿಗಲ್ಲ. ಮೈಯಲ್ಲಿ ಟಿ.ಬಿ. ಅಡಗಿದೆ, ಈ ಮಾತ್ರೆ ಕೊಡಬಾರದು, ತಾಲ್ಲೂಕು ಆಸ್ಪತ್ರೆಗೆ ಹೋಗಿ ಅದು ಏಳದಂತೆ ಔಷಧಿ ತೆಗೆದುಕೊಳ್ಳಬೇಕು ಎಂದು ಸ್ಪಷ್ಟವಾಗಿ ಬರೆದಿದ್ದರು. ನೀನು ಹೋಗಲಿಲ್ಲ. ನನಗೂ ಹೇಳಲಿಲ್ಲ. ಆ ಕಾಗದ ಹಿಡಿದು ಮೊದಲು ನಿನ್ನ ಮೇಲೆ ಕೆಂಡದಂಥ ಸಿಟ್ಟು ಬಂತು. ಖಾಲಿ ಮನೆಯಲ್ಲಿ ನಿಂತು ಗಟ್ಟಿಯಾಗಿ ಬೈದೆ. ಆಮೇಲೆ ಅಪ್ಪನ ನೆನಪಾಯಿತು. ಇದೇ ರೋಗವೆಂದು ಕೊನೆಯ ವರ್ಷ ಅಪ್ಪನನ್ನು ದನದ ಕೊಟ್ಟಿಗೆಯಲ್ಲಿ ಮಲಗಿಸಿ, ತಟ್ಟೆ ಬೇರೆ, ಚೊಂಬು ಬೇರೆ ಮಾಡಿದ್ದರಲ್ಲ, ನನಗೆ ಮೂರು ವರ್ಷ, ಆ ತಟ್ಟೆ ಒಯ್ದು ಇಡುತ್ತಿದ್ದವಳು ನೀನು. ನಿನ್ನ ತಟ್ಟೆಯನ್ನೂ ನಾನು ಬೇರೆ ಮಾಡುತ್ತೇನೆಂದು ಹೆದರಿದೆಯಾ? ನನ್ನನ್ನು ಅಷ್ಟೇ ತಿಳಿದುಕೊಂಡೆಯಾ? ಯಾರದೋ ಹೆಸರು ಹೇಳಿ ಸಮತಾಳನ್ನು ಕೇಳಿದೆ. ಹಾಗೆ ಅಡಗಿ ಕೂತದ್ದು ಒಬ್ಬರಿಂದ ಒಬ್ಬರಿಗೆ ಅಂಟುವುದೇ ಇಲ್ಲವಂತೆ. ಆಗಲೇ ಒಂದು ಮಾತು ಆಡಿದ್ದರೆ ಕೆಲವು ತಿಂಗಳು ಔಷಧಿ ತಿಂದು ಮುಗಿದುಹೋಗುತ್ತಿತ್ತು. ಕಳ್ಳ ಬಂದರೆ ಏಳುವವರು ಯಾರು ಎಂದು ಕೇಳಿದವಳು ನೀನೇ. ಉತ್ತರ ಗೊತ್ತಿದ್ದೂ ನನ್ನ ಕೈಯಿಂದ ಮಾತ್ರೆ ತಿಂದೆ. ನೋವು ಅಷ್ಟಿತ್ತು ಎಂದು ಅರ್ಥ ಮಾಡಿಕೊಳ್ಳುತ್ತೇನೆ. ಕಾವಲಿನವರನ್ನು ಕೂರಿಸಿದವಳು ಮಾತ್ರ ನಾನೇ.

ನನ್ನ ಕಳ್ಳಮನಸ್ಸನ್ನೂ ಹೇಳಿಬಿಡುತ್ತೇನೆ. ಈ ಹನ್ನೊಂದು ದಿನ ನಾನು ಬಾಯಿ ಮುಚ್ಚಿಕೊಂಡದ್ದು ನಿನ್ನ ಆಣೆಗೆ ಮಾತ್ರವಲ್ಲ. ನನಗೆ ಬಂದದ್ದು ಹಿಟ್ಟಿನ ಮಾತ್ರೆ ಇರಬಹುದು, ಹಾಗಿದ್ದರೆ ನನ್ನಿಂದ ಏನೂ ಆಗಿಲ್ಲ, ಎಂದು ದಿನಾ ನನಗೆ ನಾನೇ ಹೇಳಿಕೊಂಡೆ. ಹಿಟ್ಟು ತಿಂದು ಬೆರಳು ಬಿಚ್ಚುತ್ತವೆಯೇ ಎಂದು ಒಳಗಿನಿಂದ ಕೇಳಿದರೆ ಟಿ.ವಿ. ಸದ್ದು ಜಾಸ್ತಿ ಮಾಡಿದೆ. ಕೈ ಮತ್ತೆ ಕಟ್ಟಿಹೋಗುವ ಹೆದರಿಕೆಯೂ ಇದೆ. ಈ ಒಂಟಿ ಮನೆಯಲ್ಲಿ ಲೋಟ ಹಿಡಿಯಲೂ ಬಾರದಂತಾದರೆ ಯಾರನ್ನು ಕರೆಯಲಿ? ಆದರೆ ನಿನಗೆ ಕೊಡುತ್ತಿರುವ ಟಿ.ಬಿ. ಔಷಧಿ ಹಿಡಿಯುತ್ತಿಲ್ಲ, ಯಾಕೆಂದು ತಿಳಿಯುತ್ತಿಲ್ಲ ಎಂದು ಡಾಕ್ಟರು ಭೀಮೇಶನಿಗೆ ಹೇಳಿದ್ದಾರೆ. ಯಾಕೆಂದು ತಿಳಿದವರು ಇಬ್ಬರೇ, ಒಬ್ಬಳು ಮಾಸ್ಕಿನೊಳಗೆ, ಇನ್ನೊಬ್ಬಳು ಇಲ್ಲಿ. ಆ ನಾಲ್ಕನ್ನು ನುಂಗಬೇಡ ಅಕ್ಕ. ಸಂಚಿಯನ್ನು ಡಾಕ್ಟರ ಕೈಗೆ ಕೊಡು. ನನ್ನ ಹೆಸರು ಹೇಳು. ಇಲ್ಲವೇ ನನಗೆ ಹೇಳಲು ಅಪ್ಪಣೆ ಕೊಡು. ಹೂಂ ಎಂದು ಒಂದೇ ಮಾತು ಭೀಮೇಶನಿಗೆ ಹೇಳಿ ಕಳಿಸು, ಅವನಿಗೆ ಅರ್ಥವಾಗದಿದ್ದರೂ ನನಗೆ ಆಗುತ್ತದೆ.

ಬೆರಳು ನೋಯುತ್ತಿವೆ, ಇಲ್ಲಿಗೆ ಮುಗಿಸುತ್ತೇನೆ. ಸಂಘಮಿತ್ರಾಳಿಗೆ, ಅವಳ ಮಕ್ಕಳಿಗೆ ನನ್ನ ಆಶೀರ್ವಾದ. ನರ್ಸಮ್ಮನಿಗೆ ನನ್ನ ಪರವಾಗಿ ಕ್ಷಮೆ ಕೇಳು, ಉಪ್ಪಿನ ವಿಷಯಕ್ಕೆ. ನಾನು ದೇವರನ್ನು ಎಷ್ಟು ನಂಬುತ್ತೇನೆಂದು ನಿನಗೆ ಗೊತ್ತು, ಆದರೂ ಯಾರು ಕೇಳುತ್ತಾರೋ ಅವರನ್ನು ಬೇಡಿಕೊಳ್ಳುತ್ತಿದ್ದೇನೆ. ನಿನ್ನ ಕಾಲು ಮುಟ್ಟಿ ನಮಸ್ಕರಿಸುವ,

ನಿನ್ನ ತಂಗಿ
ಶಾಂತಿ

ಸೋಮವಾರ ಬೆಳಗ್ಗೆ, ಅವಸರದಲ್ಲಿ:

ಅಕ್ಕಾ, ಮೇಲೆ ಅಪ್ಪಣೆ ಕೇಳಿದ್ದನ್ನು ಹೊಡೆದು ಹಾಕು. ನೀನು ಬೇಡ ಎನ್ನುತ್ತೀಯ, ನಾನು ಅದನ್ನೇ ನೆಪ ಮಾಡಿಕೊಂಡು ಮತ್ತೆ ಸುಮ್ಮನಿರುತ್ತೇನೆ. ಅದಕ್ಕೇ ನಿನ್ನೆ ಸಂಜೆ ಭೀಮೇಶ ಎದ್ದ ಕೂಡಲೇ ಎದುರಿಗೆ ಕೂರಿಸಿ ಎಲ್ಲ ಹೇಳಿದೆ.  ಅವನು "ಹನ್ನೊಂದು ದಿನ ಹೆಂಗರ ಸುಮ್ನ ಕುಂತಿದ್ದಿ ಚಿಗವ್ವ?" ಎಂದ.  ಅವನ ಫೋನಿನಿಂದಲೇ ಸಮತಾಗೆ ಹೇಳಿದೆ. ಅರುಣ್ ಕುಮಾರ್ ಡಾಕ್ಟರು ನನ್ನ ನಂಬರಿಗೆ ಯಾವ ಮಾತ್ರೆ ಎಂಬ ಗುಟ್ಟು ತೆಗೆಸಿ ನೋಡಿದರು. ಹಿಟ್ಟಲ್ಲ ಅಕ್ಕ, ನಿಜವಾದದ್ದೇ. ಅವರೇ ಬಳ್ಳಾರಿಗೆ ಫೋನ್ ಮಾಡಿ ಹೇಳಿದ್ದಾರೆ. ಅಲ್ಲಿಯವರು ಸಂಚಿಯನ್ನು ತೆಗೆದುಕೊಂಡರು, ನೀನು ಬಿಡದೆ ಹಿಡಿದುಕೊಂಡಿದ್ದೆ ಎಂದು ಸಂಘಮಿತ್ರಾ ಅಳುತ್ತಾ ಹೇಳಿದಳು. ಇನ್ನು ಬಚ್ಚಿಡುವುದು ಏನೂ ಇಲ್ಲ. ಡಾಕ್ಟರು ಕೇಳಿದರೆ ಐದು ತಿಂಗಳು ತಿಂದೆ ಎಂದು ಹೇಳು. ಕಾರಣ ತಿಳಿದದ್ದು ಒಳ್ಳೆಯದಾಯಿತು, ಇನ್ನು ನೋಡೋಣ ಎಂದಿದ್ದಾರಂತೆ. ಗುಣವಾಗುತ್ತದೆ ಎಂದು ಮಾತ್ರ ಯಾರೂ ಹೇಳಿಲ್ಲ. ನನ್ನ ಹೆಸರು ಕಡಿದರು. ಡಬ್ಬಿ, ಡೈರಿ ಎರಡನ್ನೂ ಸಮತಾ ಈಗ ತಾನೇ ಬಂದು ಒಯ್ದಳು. ಬೈಯಲಿಲ್ಲ, ಅದೇ ನನಗೆ ಕಷ್ಟವಾಯಿತು. ಈ ಮಾತ್ರೆಯ ಗುಣ ಮೈಯಿಂದ ಇಳಿಯಲು ಎರಡು ವಾರ ಬೇಕಂತೆ. ಆಮೇಲೆ ಮಾಸ್ಕ್ ಕಟ್ಟಿಕೊಂಡು ನಾನು ನಿನ್ನ ವಾರ್ಡಿಗೆ ಬರಬಹುದೇ ಎಂದು ಕೇಳಿದೆ. ಬರಬಹುದು ಎಂದಳು. ಭೀಮೇಶ ಹಾರನ್ ಹೊಡೆಯುತ್ತಿದ್ದಾನೆ. ಎರಡೇ ವಾರ ಅಕ್ಕ. ನಾನು ಬರುವ ತನಕ ಇರು.